ಬಾಣಂತನದ ಪರಿಭಾಷೆ: ಪದ, ಅರ್ಥ ಮತ್ತು ಅಪಾಯದ ಅರಿವು

ಹೆರಿಗೆಯಾದ ಹೆಣ್ಣನ್ನು ಕನ್ನಡ 'ಬಾಣಂತಿ' ಎನ್ನುತ್ತದೆ. ಆಯುರ್ವೇದದ ಗ್ರಂಥಗಳು 'ಸೂತಿಕೆ' ಎನ್ನುತ್ತವೆ. ಆಸ್ಪತ್ರೆಯ ಕಡತಗಳು ಆಕೆಯ ಸ್ಥಿತಿಯನ್ನು 'ಪೋಸ್ಟ್‌ಪಾರ್ಟಮ್' ಎಂದೂ, ಕನ್ನಡದಲ್ಲಿ ಬರೆಯಬೇಕಾದಾಗ 'ಪ್ರಸವೋತ್ತರ' ಎಂದೂ ಗುರುತಿಸುತ್ತವೆ. ಈ ಮೂರು ಪದಗಳನ್ನು ಒಂದಕ್ಕೊಂದು ಪರ್ಯಾಯವೆಂದು ಭಾವಿಸುವುದು ವಾಡಿಕೆ. ನಿಘಂಟುಗಳೂ ಅನುವಾದಗಳೂ ಹಾಗೆಯೇ ನಡೆದುಕೊಳ್ಳುತ್ತವೆ. ಆದರೆ ಈ ಪದಗಳು ನೋಡುವ ನೋಟ ಒಂದಲ್ಲ, ಅವು ಸೂಚಿಸುವ ಅವಧಿ ಒಂದಲ್ಲ, ಅವುಗಳ ಸುತ್ತ ಬೆಳೆದ ಪದಪರಿವಾರವೂ ಒಂದಲ್ಲ. ಈ ವ್ಯತ್ಯಾಸವನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ನಿಘಂಟುಕಾರರ ಸಮಸ್ಯೆಯಲ್ಲ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 97ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತವೆ. ಅಂದರೆ ಹೆರಿಗೆ ಆಸ್ಪತ್ರೆಯದು; ಆದರೆ ಕೆಲವೇ ದಿನಗಳಲ್ಲಿ ತಾಯಿ ಮನೆಗೆ ಮರಳುವುದರಿಂದ ಬಾಣಂತನ ಮನೆಯದು. ಆಸ್ಪತ್ರೆಯ ಪದಕೋಶದಿಂದ ಮನೆಯ ಪದಕೋಶಕ್ಕೆ ಆಕೆ ದಾಟಿ ಬರುವ ಈ ವಾರಗಳಲ್ಲಿಯೇ ರಕ್ತಸ್ರಾವ, ಸೋಂಕು, ಸೆಳವು, ಮನೋವ್ಯಾಧಿ ಇವು ತಲೆದೋರುವ ಸಾಧ್ಯತೆಯಿದೆ. 2018-20ರ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ ಒಂದು ಲಕ್ಷ ಸಜೀವ ಜನನಗಳಿಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರು ಸಾವಿಗೀಡಾದರು. ಮನೆಯವರು ಒಂದು ಲಕ್ಷಣವನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದರ ಮೇಲೆ ಅವರು ಆಸ್ಪತ್ರೆಗೆ ಹೊರಡುತ್ತಾರೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಂತಿರುತ್ತದೆ.

1. ಮೂರು ಹೆಸರುಗಳು, ಮೂರು ನೋಟಗಳು

'ಬಾಣಂತಿ' ಪದಕ್ಕೆ 'ಬಾಣತಿ', 'ಬಾಳಂತಿ' ಎಂಬ ರೂಪಾಂತರಗಳುಂಟು. ಮರಾಠಿಯ 'ಬಾಳಂತೀಣ', ಕೊಂಕಣಿಯ 'ಬಾಳಂತಿ', ತೆಲುಗಿನ 'ಬಾಲಿಂತ' ಇವುಗಳ ಜೊತೆಯಲ್ಲಿಟ್ಟು ನೋಡಿದರೆ 'ಬಾಲ' ಎಂಬುದರೊಡನೆ ಇದರ ಸಂಬಂಧವನ್ನು ಊಹಿಸುವುದು ಸಹಜ. ಹಾಗಾದರೆ ಇದು ಹೆಣ್ಣನ್ನು ಮಗುವಿನ ಮೂಲಕ ಗುರುತಿಸುವ ಪದ: ಮಗುವುಳ್ಳವಳು. 'ಸೂತಿಕೆ' ಎಂಬುದು ಹೆರು ಎಂಬರ್ಥದ 'ಸೂ' ಧಾತುವಿನಿಂದ ಬಂದು, ಆಕೆಯನ್ನು ಹೆತ್ತ ಕ್ರಿಯೆಯ ಮೂಲಕ ಗುರುತಿಸುತ್ತದೆ. ತುಳುವಿನ 'ಪೆದ್ಮೆದಿ'ಯೂ ಹೆರುವ ಕ್ರಿಯೆಯನ್ನೇ ಆಧರಿಸಿದ ಪದ. ಆಧುನಿಕ ವೈದ್ಯಕೀಯದ 'ಪ್ಯೂರ್ಪೀರಿಯಮ್' ಎಂಬುದರಲ್ಲಿ ಲ್ಯಾಟಿನ್ನಿನ 'ಪುಯೆರ್' ಎಂದರೆ ಮಗು, 'ಪರೆರೆ' ಎಂದರೆ ಹೆರು; ಮಗು ಮತ್ತು ಕ್ರಿಯೆ ಎರಡೂ ಅದರಲ್ಲಿ ಸೇರಿವೆ. ಆದರೆ ಇಂದು ಹೆಚ್ಚು ಬಳಕೆಯಲ್ಲಿರುವ 'ಪೋಸ್ಟ್‌ಪಾರ್ಟಮ್' ಎಂಬುದರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ. 'ಹೆರಿಗೆಯ ನಂತರ' ಎಂಬ ಕಾಲಸೂಚನೆ ಮಾತ್ರ ಇದೆ. 'ಪ್ರಸವ' ಮತ್ತು 'ಉತ್ತರ' ಸೇರಿ ಆದ 'ಪ್ರಸವೋತ್ತರ' ಇದರ ಅಕ್ಷರಶಃ ಅನುವಾದ.

ವ್ಯಾಕರಣದ ದೃಷ್ಟಿಯಿಂದಲೂ ಗಮನಿಸಬೇಕಾದ ಅಂಶವೊಂದಿದೆ. 'ಬಾಣಂತನ' ಎಂಬುದು 'ತನ' ಪ್ರತ್ಯಯ ಹತ್ತಿದ ಭಾವನಾಮ. ಆದ್ದರಿಂದ ಅದು ಬಾಣಂತಿಯ ಸ್ಥಿತಿಯನ್ನು ಹೇಳಬೇಕು, ಹೇಳುತ್ತದೆ ಕೂಡ. ಆದರೆ ಬಳಕೆಯಲ್ಲಿ ಅದು ಕ್ರಿಯಾಪದದೊಡನೆ ಸೇರಿ 'ಬಾಣಂತನ ಮಾಡು' ಎಂದಾಗುತ್ತದೆ. 'ತಾಯಿ ಮಗಳ ಬಾಣಂತನ ಮಾಡಿದಳು' ಎಂಬ ವಾಕ್ಯದಲ್ಲಿ ಕರ್ತೃ ಹೆತ್ತವಳಲ್ಲ, ಆರೈಕೆ ಮಾಡಿದವಳು. ಒಬ್ಬಳ ದೇಹಸ್ಥಿತಿಯೂ ಇನ್ನೊಬ್ಬಳ ದುಡಿಮೆಯೂ ಒಂದೇ ಪದದಲ್ಲಿ ಅಡಕವಾಗಿವೆ. 'ಪ್ರಸವೋತ್ತರ ಮಾಡು' ಎಂದು ಯಾರೂ ಹೇಳಲಾರರು. 'ಪ್ರಸವೋತ್ತರ ಆರೈಕೆ' ಎಂದು ಇನ್ನೊಂದು ಪದವನ್ನು ಕೂಡಿಸಿದರೂ ಆ ಆರೈಕೆ ಯಾರದು ಎಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ.

'ಸೂ' ಧಾತುವಿನ ಕುಟುಂಬ ಕನ್ನಡದಲ್ಲಿ ಪಡೆದ ಗತಿಯೂ ಕುತೂಹಲಕರವಾಗಿದೆ. ಪ್ರಸವ, ಪ್ರಸೂತಿ, ಸೂತಿಕೆ, ಸೂತಕ ಇವೆಲ್ಲ ಒಂದೇ ಧಾತುವಿನಿಂದ ಬಂದವು. 'ಸೂತಕ' ಮೂಲತಃ ಹುಟ್ಟಿನಿಂದ ಒದಗುವ ಅಶೌಚ. ಆದರೆ ಕನ್ನಡದ ಆಡುಮಾತಿನಲ್ಲಿ ಅದು ಬಹುಮಟ್ಟಿಗೆ ಸಾವಿನ ಮೈಲಿಗೆಯೆಂಬ ಅರ್ಥಕ್ಕೆ ಸರಿದಿದೆ. ಹುಟ್ಟಿನ ಮೈಲಿಗೆಗೆ 'ಪುರುಡು' ಎಂಬ ಬೇರೆ ಪದವಿದೆ, ತುಳುವಿನಲ್ಲಿ 'ಅಮೆ' ಇದೆ. ಪಠ್ಯಗಳಲ್ಲಿ ಬರುವ 'ಸೂತಿಕಾಜ್ವರ', 'ಸೂತಿಕಾಸ್ರಾವ' ಮುಂತಾದ ಪದಗಳು ಸಂಸ್ಕೃತಜ್ಞರಿಗೆ ಸ್ಪಷ್ಟವಾಗಿದ್ದರೂ, ಸಾಮಾನ್ಯ ಓದುಗರಿಗೆ ಅವು 'ಸೂತಕ'ದ ನೆನಪನ್ನು ತರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಪ್ರತಿಯಾಗಿ 'ಸೂಲಗಿತ್ತಿ'ಯಲ್ಲಿರುವ 'ಸೂಲು' ದ್ರಾವಿಡ ಮೂಲದ್ದು. 'ಮೊದಲ ಸೂಲಿನ ಹಸು' ಎಂಬ ಬಳಕೆಯಲ್ಲಿ ಅದು ಇಂದಿಗೂ ಜೀವಂತವಾಗಿದೆ. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡ ಪಾವಗಡ ಸೀಮೆಯ ನರಸಮ್ಮನವರ ಹೆಸರಿನ ಹಿಂದೆ 'ಸೂಲಗಿತ್ತಿ' ಎಂಬುದು ಗೌರವಸೂಚಕವಾಗಿಯೇ ನಿಂತಿತು.

ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ವೈದ್ಯವಿಷಯಕ್ಕೆ ಕೊರತೆಯಿಲ್ಲ. ಕೀರ್ತಿವರ್ಮನ ಗೋವೈದ್ಯ, ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ ಇವು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ ಹೆಸರುಗಳು. ಹಸುವಿಗೂ ಶಿಶುವಿಗೂ ವಿಷಕ್ಕೂ ಹೆಸರಿನಲ್ಲಿಯೇ ಸ್ಥಾನ ಸಿಕ್ಕಿದೆ. ಬಾಣಂತಿಯ ಆರೈಕೆಯ ಅರಿವಾದರೋ ಹೆಚ್ಚಾಗಿ ಹೆಂಗಸರ ಬಾಯಿಮಾತಿನಲ್ಲಿ, ಕೈಕೆಲಸದಲ್ಲಿ ಸಾಗಿಬಂದಿತು. ಆದ್ದರಿಂದಲೇ ಅದರ ಪದಗಳಿಗೆ ಸ್ಥಿರವಾದ ವ್ಯಾಖ್ಯೆಗಳಿಲ್ಲ. ಊರಿಂದೂರಿಗೆ ಅರ್ಥ ಹಿಗ್ಗುತ್ತದೆ, ಕುಗ್ಗುತ್ತದೆ.

2. ಬಾಣಂತಿ ಎಲ್ಲಿಯವರೆಗೆ ಬಾಣಂತಿ?

ಆಧುನಿಕ ವೈದ್ಯಕೀಯ ಈ ಅವಧಿಯನ್ನು ಸಾಮಾನ್ಯವಾಗಿ 6 ವಾರ, ಅಂದರೆ 42 ದಿನಗಳೆಂದು ಎಣಿಸುತ್ತದೆ. ತಾಯಿಮರಣದ ಅಂತಾರಾಷ್ಟ್ರೀಯ ವ್ಯಾಖ್ಯೆಯೂ ಗರ್ಭಾವಸ್ಥೆಯಿಂದ ಮೊದಲ್ಗೊಂಡು ಅದು ಮುಗಿದ 42 ದಿನಗಳವರೆಗಿನ ಸಾವನ್ನು ಒಳಗೊಳ್ಳುತ್ತದೆ. ಅಲ್ಲಿಂದ ಒಂದು ವರ್ಷದವರೆಗಿನ ಸಾವನ್ನು 'ತಡವಾದ ತಾಯಿಮರಣ' ಎಂದು ಪ್ರತ್ಯೇಕಿಸಲಾಗುತ್ತದೆ. ಸುಶ್ರುತ ಸಂಹಿತೆಯ ಪ್ರಕಾರ ಒಂದೂವರೆ ತಿಂಗಳ ಉಪಚಾರದ ನಂತರ ಆಕೆ 'ಸೂತಿಕೆ' ಎಂಬ ಹೆಸರಿನಿಂದ ಬಿಡುಗಡೆ ಹೊಂದುತ್ತಾಳೆ. ಮತ್ತೆ ಮುಟ್ಟು ಕಾಣಿಸುವವರೆಗೆ ಎಂಬ ಕೆಲವರ ಮತವನ್ನೂ ಅದು ದಾಖಲಿಸುತ್ತದೆ. ಕಾಶ್ಯಪ ಸಂಹಿತೆ ಈ ಅವಧಿಯನ್ನು ಆರು ತಿಂಗಳವರೆಗೆ ವಿಸ್ತರಿಸುತ್ತದೆ. ಮಾತ್ರವಲ್ಲ, ಮಾಸು ಬೀಳುವವರೆಗೆ ಆಕೆಯನ್ನು ಸೂತಿಕೆಯೆಂದು ಕರೆಯಲಾಗದು ಎಂಬ ಖಚಿತವಾದ ಆರಂಭಬಿಂದುವನ್ನೂ ಅದು ಕೊಡುತ್ತದೆ. ಆಧುನಿಕ ವೈದ್ಯಕೀಯವೂ ಈ ಅವಧಿಯನ್ನು ಮಾಸು ಹೊರಬಿದ್ದ ಬಳಿಕವೇ ಎಣಿಸಲು ತೊಡಗುತ್ತದೆಂಬುದು ಗಮನಾರ್ಹ.

ಕನ್ನಡದ ಮನೆಗಳಲ್ಲಿ ಅವಧಿಯ ಗಡಿಗಳು ಒಂದಕ್ಕಿಂತ ಹೆಚ್ಚು. ಹನ್ನೊಂದನೆಯ ದಿನಕ್ಕೆ ಪುರುಡು ಕಳೆಯುವುದು ಒಂದು. ಮುಸ್ಲಿಂ ಮನೆಗಳಲ್ಲಿ ನಲವತ್ತು ದಿನಗಳ 'ಚಿಲ್ಲಾ' ಇನ್ನೊಂದು. ಮೂರು ಅಥವಾ ಐದು ತಿಂಗಳಿಗೆ ತವರಿನಿಂದ ಗಂಡನ ಮನೆಗೆ ಕಳುಹಿಸುವುದು ಮತ್ತೊಂದು. ಇವುಗಳಲ್ಲಿ ಮೊದಲನೆಯದು ಆಚರಣೆಯ ಗಡಿ, ಕೊನೆಯದು ದುಡಿಮೆಗೆ ಮರಳುವ ಗಡಿ. ದೇಹದ ಗಡಿಯನ್ನು ಸೂಚಿಸಲು ಕನ್ನಡ ಬೇರೊಂದು ರೂಪಕವನ್ನು ಬಳಸುತ್ತದೆ. 'ಹಸಿ ಬಾಣಂತಿ', 'ಹಸಿ ಮೈ' ಎಂಬವು ಹೊಸದಾಗಿ ಹೆತ್ತವಳ ಮೈಯನ್ನು ಇನ್ನೂ ಒಣಗದ, ಬಲಿಯದ ವಸ್ತುವಿನಂತೆ ಕಾಣುತ್ತವೆ. ಮುಂದೆ 'ಮೈ ಗಟ್ಟಿಯಾಗುತ್ತದೆ'. ಬಿಸಿನೀರು ಎರೆಯುವುದು, ಕೆಂಡದ ಕಾವು ಕೊಡುವುದು, ಸೊಂಟ ಕಟ್ಟುವುದು, ಅಂಟಿನುಂಡೆ ತಿನ್ನಿಸುವುದು, 'ಶೀತ'ದಿಂದ ಕಾಯುವುದು ಇವೆಲ್ಲಕ್ಕೂ ಹಸಿಯನ್ನು ಗಟ್ಟಿ ಮಾಡುವ ಈ ಒಂದೇ ತರ್ಕ ಆಧಾರವಾಗಿದೆ.

ಅವಧಿಯ ಈ ಭೇದಕ್ಕೆ ಪ್ರಾಯೋಗಿಕ ಮಹತ್ವವಿದೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ ಹೆರಿಗೆಯ 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಬೇಕೆಂಬ ಕ್ರಮ 2011ರಿಂದ ಜಾರಿಗೆ ಬಂದಿದೆ. ಈ ಎಣಿಕೆ 42ಕ್ಕೆ ಮುಗಿಯುತ್ತದೆ. ಮನೆಯ ಬಾಣಂತನ ಮುಂದುವರಿಯುತ್ತದೆ. ಖಿನ್ನತೆಯಂತಹ ತೊಂದರೆಗಳು 42 ದಿನಗಳ ನಂತರವೂ ತೋರಬಹುದಾದ್ದರಿಂದ ಇಲ್ಲಿ ಜನಬಳಕೆಯ ಪದವೇ ದೇಹಸ್ಥಿತಿಗೆ ಹೆಚ್ಚು ಹತ್ತಿರವಾಗಿದೆ ಎನ್ನಬೇಕಾಗುತ್ತದೆ.

3. 'ಕೆಟ್ಟ ರಕ್ತ'

ಹೆರಿಗೆಯ ನಂತರ ಗರ್ಭಕೋಶದಿಂದ ಹೊರಬರುವ ಸ್ರಾವಕ್ಕೆ ವೈದ್ಯಕೀಯದಲ್ಲಿ 'ಲೋಕಿಯಾ' ಎಂದು ಹೆಸರು. ಹೆರಿಗೆಗೆ ಸಂಬಂಧಿಸಿದ್ದು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಬಣ್ಣವನ್ನು ಅನುಸರಿಸಿ ಅದನ್ನು ಮೂರಾಗಿ ವಿಂಗಡಿಸುತ್ತಾರೆ. ಮೊದಲ ಮೂರು ನಾಲ್ಕು ದಿನ ಕೆಂಪಾದ 'ರೂಬ್ರಾ', ಅಲ್ಲಿಂದ ಸುಮಾರು ಹತ್ತನೆಯ ದಿನದವರೆಗೆ ತೆಳುವಾದ ಕಂದು ಬಣ್ಣದ 'ಸೆರೋಸಾ', ಬಳಿಕ ಕೆಲವು ವಾರಗಳ ಕಾಲ ಬಿಳಿಹಳದಿಯಾದ 'ಆಲ್ಬಾ'. ಈ ಹೆಸರುಗಳು ಲ್ಯಾಟಿನ್ ಆದರೂ ಅವು ಹೇಳುವುದು ಕಣ್ಣಿಗೆ ಕಾಣುವ ಬಣ್ಣವನ್ನು. ಕೆಂಪು ಕಂದಾಗಿ, ಕಂದು ಬಿಳಿಚಬೇಕು. ಕ್ರಮ ಹಿಂದುಮುಂದಾಗಿ ಬಿಳಿಚಿದ್ದು ಮತ್ತೆ ಗಾಢ ಕೆಂಪಾದರೆ, ಅಥವಾ ದುರ್ವಾಸನೆ ಬಂದರೆ ಅದು ಎಚ್ಚರಿಕೆಯ ಸೂಚನೆ.

ಕನ್ನಡದಲ್ಲಿ ಇದಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಮಾತು 'ಕೆಟ್ಟ ರಕ್ತ ಹೋಗುವುದು'. ಇದು ಬಣ್ಣವನ್ನೋ ಪ್ರಮಾಣವನ್ನೋ ಹೇಳದೆ ಗುಣವನ್ನು ಹೇಳುವ ಮಾತು. ಬಸಿರಿನ ಒಂಬತ್ತು ತಿಂಗಳು ಒಳಗೆ ನಿಂತದ್ದು ಕೆಟ್ಟದ್ದು; ಕೆಟ್ಟದ್ದು ಹೋದಷ್ಟೂ ಒಳ್ಳೆಯದು ಎಂಬ ಅನುಮಾನ ಈ ಪದದಿಂದ ತಾನಾಗಿಯೇ ಹುಟ್ಟುತ್ತದೆ. ಒಳಗೆ ಉಳಿದ ರಕ್ತವೇ ನೋವಿಗೆ ಕಾರಣವೆಂಬ ವಿಚಾರ ಶಾಸ್ತ್ರದಲ್ಲಿಯೂ ಇದೆ. ಹೆರಿಗೆಯ ಬಳಿಕ ಶೋಧನೆಯಾಗದೆ ಉಳಿದ ರಕ್ತವನ್ನು ವಾಯು ತಡೆದಾಗ ಹೊಕ್ಕುಳ ಕೆಳಗೆ ಗಂಟಿನಂತಾಗಿ ತೀವ್ರ ನೋವು ಬರುತ್ತದೆಂದು ಸುಶ್ರುತ ಸಂಹಿತೆ ವಿವರಿಸಿ ಅದನ್ನು 'ಮಕ್ಕಲ್ಲ' ಎಂದು ಕರೆಯುತ್ತದೆ. (ಕನ್ನಡದ 'ಮಕ್ಕಳು' ಪದದೊಡನೆ ಇದನ್ನು ಜೋಡಿಸುವ ಆಸೆ ಸಹಜವಾದರೂ ಧ್ವನಿಸಾಮ್ಯವನ್ನು ವ್ಯುತ್ಪತ್ತಿಯೆಂದು ಭಾವಿಸಬಾರದು.)

ಅಪಾಯವಿರುವುದು ಇಲ್ಲಿ. ಹೆರಿಗೆಯಾದ 24 ಗಂಟೆಯೊಳಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಹೆರಿಗೆಯ ನಂತರದ ಅತಿರಕ್ತಸ್ರಾವವೆಂದು ಬಹುಕಾಲದಿಂದ ವ್ಯಾಖ್ಯಾನಿಸಲಾಗಿದೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಮುಂಚಿತವಾಗಿ ಎಚ್ಚೆತ್ತುಕೊಳ್ಳುವಂತೆ ಸೂಚಿಸಿತು: 300 ಮಿಲಿಲೀಟರ್ ರಕ್ತ ಹೋಗಿ ನಾಡಿ, ರಕ್ತದೊತ್ತಡಗಳಲ್ಲಿ ಏರುಪೇರು ಕಂಡರೆ ಕೂಡಲೇ ಚಿಕಿತ್ಸೆಗೆ ತೊಡಗಬೇಕು. ಮೊದಲ ದಿನದ ನಂತರ, ವಾರಗಳ ಮೇಲೆಯೂ ಇಂತಹ ಸ್ರಾವ ಆಗಬಹುದು. ಮಾಸಿನ ಚೂರು ಒಳಗೆ ಉಳಿದಿರುವುದು, ಸೋಂಕು ಇವು ಅದರ ಮುಖ್ಯ ಕಾರಣಗಳು. ಆಗ ಬಾಣಂತಿ ಮನೆಯಲ್ಲಿರುತ್ತಾಳೆ. ಒಂದು ಗಂಟೆಯೊಳಗೆ ದಪ್ಪನೆಯ ಬಟ್ಟೆ ಪೂರ್ತಿ ತೊಯ್ದರೆ ಕಾಯುವಂತಿಲ್ಲ. ಆದರೆ ಹೋಗುತ್ತಿರುವುದು 'ಕೆಟ್ಟ ರಕ್ತ'ವೆಂದು ಹೆಸರಿಟ್ಟ ಮೇಲೆ ಅದನ್ನು ತಡೆಯಲು ಯಾರು ಆತುರಪಡುತ್ತಾರೆ? ಇಲ್ಲಿ ತಿಳಿವಳಿಕೆಯ ಕೊರತೆಯ ಜೊತೆಗೆ ಪದವೇ ಕೊಡುವ ತಪ್ಪು ಭರವಸೆಯೂ ಸೇರಿರುತ್ತದೆ.

4. ಹೊಟ್ಟೆ ಮತ್ತು ಗರ್ಭಕೋಶ

ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋಗ್ರಾಂ ತೂಗುವ ಗರ್ಭಕೋಶ ಎರಡು ವಾರದೊಳಗೆ ಕಿಬ್ಬೊಟ್ಟೆಯ ಎಲುಬಿನ ಗೂಡಿನೊಳಗೆ ಇಳಿದು, 6 ವಾರಗಳ ಹೊತ್ತಿಗೆ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಇದನ್ನು 'ಇನ್ವಲ್ಯೂಷನ್' ಎನ್ನುತ್ತಾರೆ. 'ಗರ್ಭಕೋಶ ಕುಗ್ಗುವಿಕೆ' ಎಂಬುದು ಇದಕ್ಕೆ ಸಾಕಾಗುವ ಕನ್ನಡ. ಮನೆಮಾತಿನಲ್ಲಿ ಗರ್ಭಕೋಶಕ್ಕೂ ಹೊಟ್ಟೆಯ ಹೊರಗೋಡೆಗೂ 'ಹೊಟ್ಟೆ' ಎಂಬ ಒಂದೇ ಪದವಿದೆ. 'ಹೊಟ್ಟೆ ಇಳಿಯಲಿಲ್ಲ' ಎಂದಾಗ ಸಡಿಲಗೊಂಡ ಸ್ನಾಯುವಿನ ಮಾತೋ, ಕುಗ್ಗದ ಗರ್ಭಕೋಶದ ಮಾತೋ ತಿಳಿಯದು. ಮೊದಲನೆಯದು ಕಾಲಕ್ರಮದಲ್ಲಿ, ವ್ಯಾಯಾಮದಿಂದ ಸರಿಹೋಗುವಂಥದು. ಎರಡನೆಯದು ಸೋಂಕಿನ ಅಥವಾ ಒಳಗೆ ಉಳಿದ ಮಾಸಿನ ಸೂಚನೆಯಾಗಿರಬಹುದು. ನೀರು ಹೆಚ್ಚು ಕುಡಿದರೆ 'ಹೊಟ್ಟೆ ಬರುತ್ತದೆ' ಎಂದು ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯ ಹಿಂದೆಯೂ ಈ ಪದಸಂಕರವಿದೆ. ಹಾಲೂಡಿಸುವ ತಾಯಿಗೆ ನೀರಿನ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ 'ಮಾಸು'. ಇದು ಖಚಿತವಾದ, ಚಿಕ್ಕದಾದ, ಎಲ್ಲರಿಗೂ ತಿಳಿಯುವ ಪದ. ದನಕರುಗಳ ಸಂದರ್ಭದಲ್ಲಿ 'ಸತ್ತೆ', 'ಕಸ' ಎಂಬ ಪದಗಳೂ ಇವೆ. 'ಸತ್ತೆ ಬೀಳಲಿಲ್ಲ' ಎಂದರೆ ಹಸುವಿಗೆ ಅಪಾಯವೆಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಪಠ್ಯಪುಸ್ತಕಗಳಲ್ಲಿ ಮಾತ್ರ 'ಜರಾಯು' ಎಂದು ಬರೆದು ಈ ಪದವನ್ನು ಕೈಬಿಡುತ್ತೇವೆ.

5. 'ನಂಜು' ಮತ್ತು ಜ್ವರ

ಅರ್ಥಭಾರ ಅತಿಯಾಗಿರುವ ಪದವೆಂದರೆ 'ನಂಜು'. ತಮಿಳಿನಲ್ಲಿಯೂ ಇರುವ ಈ ದ್ರಾವಿಡ ಪದದ ಮೂಲಾರ್ಥ ವಿಷ. 'ನಂಜುಂಡ' ಎಂಬಲ್ಲಿ ಅದೇ ಅರ್ಥ. ಗಾಯ ಕೀವುಗಟ್ಟಿದರೆ 'ನಂಜಾಯಿತು'. ಬದನೆಕಾಯಿಯಂತಹ ಕೆಲವು ತರಕಾರಿ 'ನಂಜಿನ ಪದಾರ್ಥ'. ಬಾಣಂತಿಯ ಪಥ್ಯದ ಪಟ್ಟಿ ಬಹಳ ಮಟ್ಟಿಗೆ ಈ ಎರಡನೆಯ ಅರ್ಥವನ್ನು ಅವಲಂಬಿಸಿದೆ. ಇವುಗಳ ಜೊತೆಗೆ ವೈದ್ಯಕೀಯ ಬರಹ ಇನ್ನೆರಡು ಅರ್ಥಗಳನ್ನು ಸೇರಿಸಿತು. ರಕ್ತಕ್ಕೆ ಸೋಂಕು ಹರಡಿದ 'ಸೆಪ್ಸಿಸ್' ಒಂದು. ಬಸಿರಿನಲ್ಲಿ ರಕ್ತದೊತ್ತಡ ಏರುವ, ಸೆಳವಿಗೆ ಎಡೆಗೊಡುವ ಕಾಯಿಲೆ ಇನ್ನೊಂದು. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಹಿಂದೆ 'ಟಾಕ್ಸೀಮಿಯಾ' ಎಂಬ ಹೆಸರಿತ್ತು. ಅದನ್ನು ಅನುಸರಿಸಿ ಕನ್ನಡದಲ್ಲಿ 'ನಂಜು' ಬಂದಿತು. ರಕ್ತದಲ್ಲಿ ಅಂತಹ ವಿಷವೊಂದು ಇದೆಯೆಂಬ ಊಹೆ ಸಿದ್ಧಪಡದ ಕಾರಣ ಇಂಗ್ಲಿಷ್ ಆ ಪದವನ್ನು ಬಿಟ್ಟು 'ಪ್ರೀಎಕ್ಲಾಂಪ್ಸಿಯಾ', 'ಎಕ್ಲಾಂಪ್ಸಿಯಾ' ಎಂಬವನ್ನು ಉಳಿಸಿಕೊಂಡಿತು. ಕನ್ನಡದಲ್ಲಿ ನಂಜು ಹಾಗೆಯೇ ಉಳಿಯಿತು.

ಪರಿಣಾಮವಾಗಿ 'ಬಾಣಂತಿಗೆ ನಂಜಾಗಿದೆ' ಎಂಬ ವಾಕ್ಯಕ್ಕೆ ಕನಿಷ್ಠ ನಾಲ್ಕು ಅರ್ಥಗಳು ಸಾಧ್ಯ: ಹೊಲಿಗೆ ಕೀವಾಗಿದೆ, ಪಥ್ಯ ಕೆಟ್ಟಿದೆ, ಸೋಂಕು ರಕ್ತಕ್ಕೆ ಏರಿದೆ, ರಕ್ತದೊತ್ತಡ ಏರಿ ಸೆಳವು ಬರುವಂತಿದೆ. ಇವುಗಳಲ್ಲಿ ಎರಡನೆಯದಕ್ಕೆ ಮನೆಯಲ್ಲಿ ಊಟ ಬದಲಿಸಿದರೆ ಸಾಕು. ಕೊನೆಯ ಎರಡಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು. ಸೆಳವು ಹೆರಿಗೆಗೆ ಮುಂಚೆಯಷ್ಟೇ ಅಲ್ಲ, ಹೆರಿಗೆಯ ನಂತರವೂ, ವಿಶೇಷವಾಗಿ ಮೊದಲ 48 ಗಂಟೆಗಳಲ್ಲಿ ಬರಬಹುದು. ತಡೆಯದ ತಲೆನೋವು, ಕಣ್ಣು ಮಂಜಾಗುವುದು ಅದರ ಮುನ್ಸೂಚನೆ.

ಹೆಸರು ಕಾರಣವನ್ನು ಮರೆಮಾಡುವುದು ಕನ್ನಡಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಯೂರೋಪಿನ ವೈದ್ಯಕೀಯ ಚರಿತ್ರೆಯೇ ಇದಕ್ಕೆ ದೊಡ್ಡ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಆಸ್ಪತ್ರೆಗಳಲ್ಲಿ ಸಾವಿರಾರು ಬಾಣಂತಿಯರನ್ನು ಬಲಿತೆಗೆದುಕೊಂಡ ಜ್ವರಕ್ಕೆ 'ಬಾಣಂತಿಜ್ವರ' ಎಂಬರ್ಥದ ಹೆಸರಿತ್ತು. ಬಾಣಂತಿಗೆ ಬರುವುದರಿಂದ ಅದರ ಕಾರಣವೂ ಬಾಣಂತಿಯ ದೇಹದಲ್ಲಿಯೇ ಇರಬೇಕೆಂದು, ಹಾಲು ಹಾದಿತಪ್ಪಿ ಮೈಗೆ ಸೇರಿದ್ದರಿಂದ ಬಂದಿತೆಂದು ವಿವರಣೆಗಳು ಹುಟ್ಟಿದವು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮಲ್‌ವೈಸ್‌ನ ಸಹೋದ್ಯೋಗಿ ಕೊಲೆಚ್ಕಾ ಎಂಬವನು ಶವಪರೀಕ್ಷೆಯ ವೇಳೆ ಗಾಯಗೊಂಡು ಸತ್ತನು. ಆತನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಜ್ವರದಿಂದ ಸತ್ತ ಹೆಂಗಸರಲ್ಲಿ ಕಂಡವುಗಳಂತೆಯೇ ಇದ್ದವು. ಗಂಡಸಿಗೆ ಬಾಣಂತಿಜ್ವರ ಬಂದ ಮೇಲೆ ಆ ಹೆಸರೇ ಸುಳ್ಳಾಯಿತು. ಕಾರಣ ವೈದ್ಯರ ಕೈಗೆ ಅಂಟಿದ ಶವದ ಕಣಗಳೆಂದು ನಿರ್ಧರಿಸಿ ಸೆಮ್ಮಲ್‌ವೈಸ್ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ; ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು.

'ಹಾಲು ಬರುವಾಗ ಜ್ವರ ಬರುತ್ತದೆ' ಎಂಬ ಮಾತು ಇಂದಿಗೂ ನಮ್ಮಲ್ಲಿದೆ. ಎದೆ ಬಿಗಿದಾಗ ಮೈ ಸ್ವಲ್ಪ ಬೆಚ್ಚಗಾಗುವುದು ನಿಜ. ಆದರೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರವನ್ನು ಹಾಲಿನ ಲೆಕ್ಕಕ್ಕೆ ಬರೆದು ಸುಮ್ಮನಿರುವುದು ಸರಿಯಲ್ಲ. ಇದರೊಡನೆ ಪಶುವೈದ್ಯದ 'ಹಾಲುಜ್ವರ' ಸುಣ್ಣದಂಶ ಕಡಿಮೆಯಾಗಿ ಹಸುಗಳಿಗೆ ಬರುವ ಬೇರೆಯೇ ಕಾಯಿಲೆಯೆಂಬುದನ್ನೂ ನೆನಪಿಡಬೇಕು. ಹಾಲಿನ ಹೆಸರು ಹೊತ್ತ ಇನ್ನೊಂದು ತೊಂದರೆಗೆ ಇಂಗ್ಲಿಷಿನಲ್ಲಿ 'ಮಿಲ್ಕ್ ಲೆಗ್' ಎಂಬ ಹಳೆಯ ಹೆಸರಿತ್ತು. ಒಂದೇ ಕಾಲು ಬಾತು ನೋಯುವ ಅದು ವಾಸ್ತವವಾಗಿ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಸ್ಥಿತಿ. ನಮ್ಮಲ್ಲಿ ಅದನ್ನು 'ಶೀತ'ವೆಂದು ಕಡೆಗಣಿಸುವ ಸಾಧ್ಯತೆಯಿದೆ.

ಎದೆಹಾಲಿನ ವಿಷಯದಲ್ಲಿ ಕನ್ನಡದ ಪದಗಳು ಹೆಚ್ಚು ನಿಖರವಾಗಿವೆ. 'ಹಾಲು ಕಟ್ಟಿಕೊಳ್ಳುವುದು' ಹಾಲು ತುಂಬಿ ಬಿಗಿಯುವ ಸ್ಥಿತಿ. ಬಿಗಿತದ ಜೊತೆಗೆ ಕೆಂಪು, ನೋವು, ಜ್ವರ ಸೇರಿದರೆ 'ಮೊಲೆಬಾವು'. ಅದು ಕೀವುಗಟ್ಟಿದರೆ 'ಕುರು'. ವೈದ್ಯಕೀಯ ಮಾಡುವ ಮೂರು ಹಂತಗಳ ವಿಂಗಡಣೆ ಜನರ ಮಾತಿನಲ್ಲಿಯೇ ಇದೆ. ಹೊಸ ಪದಗಳನ್ನು ಟಂಕಿಸುವ ಅಗತ್ಯ ಇಲ್ಲಿಲ್ಲ.

6. 'ಸನ್ನಿ'

ಮೂರು ದೋಷಗಳೂ ಒಟ್ಟಿಗೆ ಕೆರಳಿದ ಸ್ಥಿತಿಯನ್ನು ಹೇಳುವ 'ಸನ್ನಿಪಾತ'ದಿಂದ ಬಂದ 'ಸನ್ನಿ' ಕನ್ನಡದಲ್ಲಿ ಜ್ವರದ ಬಡಬಡಿಕೆ, ಸೆಳವು, ಚಿತ್ತಭ್ರಮೆ ಈ ಮೂರನ್ನೂ ಒಳಗೊಂಡಿದೆ. ಆದ್ದರಿಂದ 'ಬಾಣಂತಿ ಸನ್ನಿ' ಎಂದಾಗ ಸೋಂಕು ತಲೆಗೇರಿದ ಜ್ವರವನ್ನೂ, ಎಕ್ಲಾಂಪ್ಸಿಯಾವನ್ನೂ, ಹೆರಿಗೆಯ ನಂತರದ ಮನೋವಿಕಾರವನ್ನೂ ಊಹಿಸಬಹುದು. ಇಂದಿನ ಕನ್ನಡ ಮನೋವೈದ್ಯಕೀಯ ಬರಹದಲ್ಲಿ ಈ ಪದ ಬಹುಮಟ್ಟಿಗೆ ಮೂರನೆಯ ಅರ್ಥಕ್ಕೆ, ಅಂದರೆ 'ಪೋಸ್ಟ್‌ಪಾರ್ಟಮ್ ಸೈಕೋಸಿಸ್'ಗೆ ನಿಂತಿದೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಬರುವ ಇದು ತುರ್ತು ಚಿಕಿತ್ಸೆ ಬೇಡುವ ಕಾಯಿಲೆ. ತಾಯಿಗೂ ಮಗುವಿಗೂ ಇದರಿಂದ ಅಪಾಯವಿದೆ.

ಕೊರತೆಯಿರುವುದು ಸನ್ನಿಗಿಂತ ಕೆಳಗಿನ ಮೆಟ್ಟಿಲುಗಳಲ್ಲಿ. ಹೆರಿಗೆಯಾದ ಮೂರನೆಯ ದಿನದಿಂದ ಕಾಣಿಸಿಕೊಂಡು ಎರಡು ವಾರದೊಳಗೆ ತಾನಾಗಿ ಹೋಗುವ ಅಳು, ಬೇಸರಗಳು ಅರ್ಧಕ್ಕೂ ಹೆಚ್ಚು ತಾಯಂದಿರಿಗೆ ಸಾಮಾನ್ಯ. ಎರಡು ವಾರ ಮೀರಿಯೂ ನಿಂತ ಖಿನ್ನತೆ ಬೇರೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಅದರ ಪ್ರಮಾಣವನ್ನು ನೂರಕ್ಕೆ 22 ಎಂದು ಅಂದಾಜಿಸಿತು. ಇಷ್ಟು ವ್ಯಾಪಕವಾದ ಸ್ಥಿತಿಗೆ ಮನೆಮಾತಿನಲ್ಲಿ ನೆಲೆಯೂರಿದ ಹೆಸರಿಲ್ಲ. 'ಮಂಕು ಕವಿದಿದೆ', 'ದೃಷ್ಟಿ ತಾಕಿದೆ', 'ಗಾಳಿ ಸೋಕಿದೆ' ಎಂಬ ಮಾತುಗಳಿವೆ. ಇಲ್ಲವಾದರೆ 'ಸೋಮಾರಿತನ' ಎಂಬ ದೂರು ಇದೆ. 'ಪ್ರಸವೋತ್ತರ ಖಿನ್ನತೆ' ಎಂಬ ಪದವನ್ನು ಕೇಳಿ ತನಗಾಗಿರುವುದು ಅದೇ ಎಂದು ಗುರುತಿಸಿಕೊಳ್ಳಬಲ್ಲ ತಾಯಂದಿರು ಎಷ್ಟು ಮಂದಿ ಎಂಬುದು ಯೋಚಿಸಬೇಕಾದ ವಿಷಯ.

1987ರಲ್ಲಿ ರೂಪುಗೊಂಡು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಬಂದಿರುವ ಎಡಿನ್‌ಬರೋ ಮಾಪಕ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಎದುರಿಸಿದೆ. ಅದರ ಹತ್ತು ಅಂಶಗಳಲ್ಲಿ ಕಾಯಿಲೆಯ ಹೆಸರೇ ಇಲ್ಲ. ಕಳೆದ ಏಳು ದಿನಗಳಲ್ಲಿ ನಗಲು ಆಯಿತೆ, ನಿದ್ದೆ ಬಂದಿತೆ, ಅಳು ಬಂದಿತೆ ಎಂಬ ಬಗೆಯ ಸರಳ ವಿಷಯಗಳನ್ನೇ ಅದು ಕೇಳುತ್ತದೆ. ನಾಮಪದವಿಲ್ಲದೆ ಕ್ರಿಯಾಪದಗಳಿಂದಲೇ ರೋಗವನ್ನು ಗುರುತಿಸುವ ಈ ವಿಧಾನ ಪರಿಭಾಷೆ ರಚಿಸುವವರಿಗೆ ಮಾದರಿಯಾಗಬಲ್ಲದು.

7. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, 'ಬಾಣಂತಿ', 'ಬಾಣಂತನ', 'ಮಾಸು', 'ಮೊಲೆಬಾವು' ಇವು ಶಾಸ್ತ್ರೀಯ ಬರವಣಿಗೆಗೂ ಸಲ್ಲುವ ಪದಗಳು. ಅವುಗಳನ್ನು ಗ್ರಾಮ್ಯವೆಂದು ದೂರವಿಟ್ಟು 'ಪ್ರಸವೋತ್ತರ', 'ಜರಾಯು'ಗಳನ್ನು ಕೂರಿಸುವುದರಿಂದ ನಿಖರತೆಯೇನೂ ಹೆಚ್ಚುವುದಿಲ್ಲ. 2007ರಲ್ಲಿ ಬಾಣಂತಿಯರಿಗಾಗಿ ಆರಂಭವಾದ ಸರ್ಕಾರಿ ಯೋಜನೆಗೆ 'ಮಡಿಲು' ಎಂದು ಹೆಸರಿಟ್ಟಾಗ, ಗರ್ಭಿಣಿಯ ದಾಖಲೆಯನ್ನು 'ತಾಯಿ ಕಾರ್ಡ್' ಎಂದು ಕರೆದಾಗ ಜನರಿಗೆ ವಿವರಣೆ ಬೇಕಾಗಲಿಲ್ಲ. 2024ರ ಕೊನೆಯಲ್ಲಿ ಬಳ್ಳಾರಿಯ ಘಟನೆಗಳನ್ನು ವರದಿ ಮಾಡುವಾಗ ಪತ್ರಿಕೆಗಳು 'ಬಾಣಂತಿಯರ ಸಾವು' ಎಂದೇ ಬರೆದವು. ಅಂಕಿಅಂಶಗಳ 'ತಾಯಿಮರಣ' ಬಸುರಿಯನ್ನೂ ಒಳಗೊಳ್ಳುವ ವಿಶಾಲ ಪದ. ಹೆತ್ತ ಮೇಲಿನ ಸಾವನ್ನು ಪ್ರತ್ಯೇಕಿಸಿ ತೋರಿಸಿದ್ದು ಆಡುಮಾತೇ.

ಎರಡನೆಯದಾಗಿ, ಎಲ್ಲ ಜನಬಳಕೆಯ ಪದಗಳನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. 'ನಂಜು', 'ಸನ್ನಿ', 'ಕೆಟ್ಟ ರಕ್ತ' ಇವು ಅನೇಕ ಸ್ಥಿತಿಗಳನ್ನು ಒಂದೇ ಹೆಸರಿನಲ್ಲಿ ಮುಚ್ಚುತ್ತವೆ. ಇವುಗಳನ್ನು ಅಳಿಸಲು ಸಾಧ್ಯವಿಲ್ಲ, ಅಳಿಸುವ ಅಗತ್ಯವೂ ಇಲ್ಲ. ಆದರೆ ಬರವಣಿಗೆಯಲ್ಲಿ ಇವು ಬಂದಾಗಲೆಲ್ಲ ಕಾಣುವ ಲಕ್ಷಣವನ್ನು ಒಂದು ವಾಕ್ಯದಲ್ಲಿ ಜೊತೆಗಿಡಬೇಕು. 'ನಂಜು' ಎಂದು ನಿಲ್ಲಿಸದೆ 'ಜ್ವರವೂ ದುರ್ವಾಸನೆಯ ಸ್ರಾವವೂ ಇದೆ' ಎನ್ನುವುದು, 'ಅತಿರಕ್ತಸ್ರಾವ' ಎಂದಷ್ಟೇ ಹೇಳದೆ 'ಗಂಟೆಯೊಳಗೆ ಬಟ್ಟೆ ತೊಯ್ದಿದೆ' ಎನ್ನುವುದು ಅಜ್ಜಿಗೂ ವೈದ್ಯರಿಗೂ ಒಂದೇ ಅರ್ಥವನ್ನು ಕೊಡುತ್ತದೆ.

ಮೂರನೆಯದಾಗಿ, ಈ ಕೆಲಸ ವೈದ್ಯರೊಬ್ಬರಿಂದಲೇ ಆಗತಕ್ಕದ್ದಲ್ಲ. ನಮ್ಮ ನಿಘಂಟುಗಳಲ್ಲಿ ಬಾಣಂತನದ ಪದಗಳಿಗೆ ಸಾಮಾನ್ಯವಾಗಿ ಒಂದು ಸಮಾನಾರ್ಥಕವಷ್ಟೇ ದೊರೆಯುತ್ತದೆ. ಯಾವ ಸೀಮೆಯಲ್ಲಿ, ಯಾರ ಬಾಯಲ್ಲಿ, ಯಾವ ಲಕ್ಷಣಕ್ಕೆ ಎಂಬ ವಿವರ ಬೇಕಾಗಿದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಕನ್ನಡ ಎಂ.ಎ. ವಿದ್ಯಾರ್ಥಿ ಬಾಣಂತಿ ಹಾಡುಗಳನ್ನು ಸಂಗ್ರಹಿಸುವಂತೆಯೇ, ಹಿರಿಯ ಹೆಂಗಸರನ್ನು 'ನಂಜೆಂದರೆ ಏನೇನು? ಯಾವುದು ಕಂಡರೆ ಆಸ್ಪತ್ರೆಗೆ ಹೋಗಬೇಕು, ಯಾವುದಕ್ಕೆ ಮನೆಮದ್ದು ಸಾಕು?' ಎಂದು ಕೇಳಿ ಬರೆದುಕೊಳ್ಳಬಹುದು. ಹಾಗೆ ಜಿಲ್ಲಾವಾರು ಸಂಗ್ರಹವೊಂದು ಸಿದ್ಧವಾದರೆ ಅದು ಭಾಷಾಶಾಸ್ತ್ರಕ್ಕೆ ಒದಗುವ ಸಾಮಗ್ರಿಯಾಗುವುದರ ಜೊತೆಗೆ, ಹೆರಿಗೆಯಾದ ಮೂರನೆಯ ದಿನ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿಯೂ ಇರತಕ್ಕ ಪುಸ್ತಕವಾಗುತ್ತದೆ.